ಸಾರ್ಜೆಂಟರಿಗೆ ಬಡಿಸಿದ ಪಾಯಸ

ನಮ್ಮ ಮನೆಯಲ್ಲಿ ಯಾರಾದರೂ ದೊಡ್ಡ ಕೆಲಸಕ್ಕೆ ಹೊರಟರೆ ಹಿಂದಿನ ದಿನ ಅಜ್ಜಿ ಗಸಗಸೆ ಪಾಯಸ ಮಾಡುತ್ತಾಳೆ. ಅಪ್ಪ ಮಂಡ್ಯದಲ್ಲಿ ಇಂಜಿನಿಯರಿಂಗ್ ಪರೀಕ್ಷೆ ಬರೆಯುವಾಗ ಮಾಡಿದ್ದಳಂತೆ. ಅಮ್ಮ ವೀಸಾ ಸಂದರ್ಶನಕ್ಕೆ ಹೊರಟಾಗಲೂ ಮಾಡಿದ್ದಳಂತೆ. ಆ ಪಾಯಸ ಕುಡಿದು ರೈಲು ಹತ್ತಿದ ಅಮ್ಮ ಚೆನ್ನೈ ಬರುವವರೆಗೂ ಕಣ್ಣು ಬಿಡಲಿಲ್ಲವಂತೆ. ಹದಿನೇಳನೇ ವಯಸ್ಸಿನಲ್ಲಿ ನಾನು ಅಮೆರಿಕದ ಸೈನ್ಯ ಸೇರಲು ಹೊರಟಾಗಲೂ ಮಾಡಿದಳು. ಆ ಪಾಯಸ ನನ್ನ ಕಾಲೇಜನ್ನೇ ನುಂಗಿ ನೀರು ಕುಡಿಯುವುದರಲ್ಲಿತ್ತು. ಈಗ ನೆನೆದರೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ಆಗ ಯಾರೂ ನಗಲಿಲ್ಲ.

ದೇಶಪ್ರೇಮ ಉಕ್ಕಿ ಸೈನ್ಯ ಸೇರಿದೆ ಎಂದು ಹೇಳಿದರೆ ನನ್ನ ಮಾತನ್ನು ನಾನೇ ನಂಬುವುದಿಲ್ಲ. ನನಗೆ ನರ್ಸಿಂಗ್ ಓದಬೇಕಿತ್ತು. ಅಷ್ಟೇ. ಅಪ್ಪನ ಕಂಪನಿ ಒಂದು ಬೆಳಗ್ಗೆ ಇಡೀ ತಂಡವನ್ನು ಮನೆಗೆ ಕಳಿಸಿತ್ತು. ಆಮೇಲೆ ಪ್ಲೆಸೆಂಟನ್ ಎಂಬ ಊರಿನಲ್ಲಿ ಸಿಕ್ಕಿದ್ದು ಆರು ತಿಂಗಳಿಗೊಮ್ಮೆ ಮುಂದುವರಿಸುವ ಕಾಂಟ್ರಾಕ್ಟ್ ಕೆಲಸ. ಅಮ್ಮ ನಮ್ಮ ಅಪಾರ್ಟ್‌ಮೆಂಟಿನ ಹಾಲಿನಲ್ಲೇ ಡೇಕೇರ್ ನಡೆಸುತ್ತಿದ್ದಳು. ಇದರಲ್ಲಿ ಬಾಡಿಗೆ, ದಿನಸಿ, ಕಾರು ಎಲ್ಲ ಹೇಗೋ ಸಾಗುತ್ತಿತ್ತು, ಕಾಲೇಜು ಮಾತ್ರ ಸಾಗುವಂತಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಅಪ್ಪ ಗಾದೆ ಹೇಳಿದ. "ನನ್ನ ಕಾಲೇ ಉದ್ದ, ಏನ್ ಮಾಡ್ಲಿ?" ಎಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಅದು ಅಪ್ಪನ ಕಡೆಯಿಂದಲೇ ಬಂದದ್ದು.

ಆ ವಾರವೇ ನಮ್ಮ ಹೈಸ್ಕೂಲಿನ ಊಟದ ಹಾಲಿನಲ್ಲಿ ಸೈನ್ಯದವರು ಮೇಜು ಹಾಕಿದ್ದರು. ನಾನು ಹೋದದ್ದು ಪುಕ್ಕಟೆ ನೀರಿನ ಬಾಟಲಿಗೆ. ಮೇಜಿನ ಹಿಂದೆ ನಿಂತಿದ್ದ ಸಾರ್ಜೆಂಟರು ಓಕ್ಲ್ಯಾಂಡಿನವರು, ಬಾಗಿಲಿನಷ್ಟು ಎತ್ತರದ ಮನುಷ್ಯ. ನೀನು ಏನಾಗಬೇಕು ಎಂದು ಕೇಳಿದರು. ಹೇಳಿದೆ. ಸೈನ್ಯದ ಅರೆಕಾಲಿಕ ದಳದಲ್ಲಿ ವೈದ್ಯಕೀಯ ಸಹಾಯಕರ ಜಾಗ ಒಂದು ಖಾಲಿ ಇದೆ, ಮೊದಲು ತರಬೇತಿ, ಆಮೇಲೆ ತಿಂಗಳಿಗೊಂದು ವಾರಾಂತ್ಯ ಡ್ಯೂಟಿ, ಬೇಸಿಗೆಯಲ್ಲಿ ಕ್ಯಾಂಪು, ಕಾಲೇಜಿನ ಫೀಸು ನಮ್ಮದು ಎಂದರು. ನಾನು ನೀರಿನ ಬಾಟಲಿಯನ್ನು ಮೇಜಿನ ಮೇಲೇ ಮರೆತು ಮನೆಗೆ ಓಡಿದೆ.

ಮನೆಯಲ್ಲಿ ರಾಮಾಯಣ ಆಯಿತು. ಅಮ್ಮ ಅತ್ತಳು, ಅತ್ತು ಮುಗಿಸಿ "ಅಲ್ಲಿ ಅನ್ನ ಕೊಡ್ತಾರಾ?" ಎಂದು ಕೇಳಿದಳು. ಅನ್ನದ ಪ್ರಶ್ನೆ ಬಂತೆಂದರೆ ಅಮ್ಮ ಅರ್ಧ ಒಪ್ಪಿದ ಹಾಗೆ. ಅಪ್ಪ ಒಂದು ವಾರ ಕೂಗಾಡಿ, ಮುಂದಿನ ವಾರ ಸೈನ್ಯದ ನಿಯಮಗಳನ್ನೆಲ್ಲ ಓದಿ, ಸಾರ್ಜೆಂಟರಿಗೆ ಫೋನು ಮಾಡಿ ಅಡ್ಡಪ್ರಶ್ನೆ ಹಾಕಿ, ಕೊನೆಗೆ ಒಪ್ಪಿದ. ಒಂದೇ ಷರತ್ತು: ಎಲ್ಲ ಮುಗಿಯುವವರೆಗೆ ನಮ್ಮ ಜನಕ್ಕೆ ಗೊತ್ತಾಗಬಾರದು. ನಮ್ಮ ಜನ ಅಂದರೆ ನಾವಿರುವ ಬೇ ಏರಿಯಾದ ಕನ್ನಡದವರು. ಅಲ್ಲಿ ಮಕ್ಕಳು ಡಾಕ್ಟರಾಗುತ್ತಾರೆ, ಇಂಜಿನಿಯರಾಗುತ್ತಾರೆ, ಹೆಚ್ಚೆಂದರೆ ಒಂದು ವರ್ಷ ಸುಮ್ಮನೆ ಕೂರುತ್ತಾರೆ. ಫೀಸಿಗಾಗಿ ಸೈನ್ಯಕ್ಕೆ ಹೋದ ಮಗು ಯಾರಿಗೂ ಗೊತ್ತಿರಲಿಲ್ಲ.

ಅಜ್ಜಿ, ಅಪ್ಪನ ತಾಯಿ, ನಾನು ಒಂಬತ್ತು ವರ್ಷದವಳಾಗಿದ್ದಾಗ ನಮ್ಮ ಜೊತೆಯಲ್ಲೇ ಈ ದೇಶಕ್ಕೆ ಬಂದವಳು. ನನ್ನ ಕನ್ನಡವೆಲ್ಲ ಅವಳದೇ. ಅವಳು ಅಡುಗೆಮನೆಯಲ್ಲಿ ಅಪ್ಪನನ್ನು ತರಾಟೆಗೆ ತೆಗೆದುಕೊಂಡದ್ದು ಗೋಡೆಯಾಚೆ ಕೇಳಿಸುತ್ತಿತ್ತು. "ಹೆಣ್ಣುಡ್ಗಿ ಕೈಗೆ ಕೋವಿ ಕೊಟ್ಟು ಕಳಿಸ್ತೀಯೇನ್ಲಾ? ನಿಮ್ಮಪ್ಪ ಬದುಕಿದ್ದಿದ್ರೆ ಈ ಮಾತು ಆಡ್ತಿದ್ಯಾ?" ಅಪ್ಪನಿಗೆ ಐವತ್ತು ಸಮೀಪಿಸಿತ್ತು, ಆದರೂ ತಲೆ ತಗ್ಗಿಸಿ ನಿಂತಿರುತ್ತಿದ್ದ. ನನ್ನ ಮುಂದೆ ಮಾತ್ರ ಅಜ್ಜಿ ಆ ವಿಷಯ ಎತ್ತುತ್ತಿರಲಿಲ್ಲ. ಎಂದಿನಂತೆ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹಾಕಿ ಕಳಿಸುತ್ತಿದ್ದಳು.

ವೈದ್ಯಕೀಯ ಪರೀಕ್ಷೆಯ ದಿನ ಗೊತ್ತಾಯಿತು, ಒಂದು ಸೋಮವಾರ. ಅದರಲ್ಲಿ ಮೂತ್ರ ಪರೀಕ್ಷೆಯೂ ಇತ್ತು, ಮಾದಕ ವಸ್ತು ಸೇವಿಸಿದ್ದಾರೆಯೇ ಎಂದು ನೋಡಲು. ಕಪ್ಪು ಬೀಜ ಉದುರಿಸಿದ ಬನ್ನು, ಮಫಿನ್ನು ತಿನ್ನಬೇಡ ಎಂದು ಸಾರ್ಜೆಂಟರು ಮೊದಲೇ ಮೆಸೇಜಿನಲ್ಲಿ ಎಚ್ಚರಿಸಿದ್ದರು. ಅಫೀಮಿನ ಗಿಡದ ಬೀಜವಂತೆ, ಪರೀಕ್ಷೆಯಲ್ಲಿ ಅಫೀಮು ತಿಂದವರ ಹಾಗೆ ತೋರಿಸಬಹುದಂತೆ. ಅಪ್ಪ ಅದನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಓದಿ ಹೇಳಿದ. ನಾವು ತಲೆಯಾಡಿಸಿದೆವು. ಬನ್ನು ನಮ್ಮ ಮನೆಗೆ ಬರುವುದೇ ಅಪರೂಪ, ಇನ್ನು ಕಪ್ಪು ಬೀಜದ ಬನ್ನು ಎಲ್ಲಿಂದ ಬರಬೇಕು?

ಭಾನುವಾರ ಮಧ್ಯಾಹ್ನ ಸಾರ್ಜೆಂಟರು ಮನೆಗೆ ಬರುವವರಿದ್ದರು. ನನಗೆ ಹದಿನೆಂಟು ತುಂಬಿರಲಿಲ್ಲವಾದ್ದರಿಂದ ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಬೇಕಿತ್ತು. ಬೆಳಗ್ಗೆ ಎದ್ದಾಗ ಅಡುಗೆಮನೆಯಿಂದ ಗಸಗಸೆ ಹುರಿಯುವ ವಾಸನೆ ಬಂತು. ಎದ್ದು ಹೋಗಿ ನೋಡಿದೆ. ಅಜ್ಜಿ ಮಿಕ್ಸಿಯ ಮುಂದೆ ನಿಂತು ಹುರಿದ ಗಸಗಸೆಗೆ ಕಾಯಿತುರಿ, ಏಲಕ್ಕಿ ಸೇರಿಸಿ ನುಣ್ಣಗೆ ರುಬ್ಬುತ್ತಿದ್ದಳು. ಒಲೆಯ ಮೇಲೆ ಬೆಲ್ಲ ಕರಗುತ್ತಿತ್ತು. ಪಾಯಸ ಮಾಡುತ್ತಿದ್ದಾಳೆ ಎಂದರೆ ಒಪ್ಪಿದ್ದಾಳೆ. ಹಾಲು ಹಾಕುವವರೆಗೂ ಕಾಯದೆ ಒಂದು ಲೋಟ ಬಗ್ಗಿಸಿಕೊಂಡೆ. ಊಟಕ್ಕೆ ಇನ್ನೊಂದು. ಊಟವಾದ ಮೇಲೆ ಮತ್ತೊಂದು. ಅಪ್ಪನೂ ಬಿಡಲಿಲ್ಲ, ಲೋಟದ ತಳ ಬೆರಳಿನಲ್ಲಿ ಸವರಿದ. ನಮ್ಮ ಗಸಗಸೆ ಬಿಳಿಯ ಬಣ್ಣದ್ದು ನೋಡಿ. ಕಪ್ಪು ಬೀಜದ ಎಚ್ಚರಿಕೆ ಅದಕ್ಕೆ ಹೊಂದುತ್ತದೆ ಎಂದು ಮನೆಯಲ್ಲಿದ್ದ ನಾಲ್ಕು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ಸಾರ್ಜೆಂಟರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಬಾಗಿಲಿನಲ್ಲಿ ಚಪ್ಪಲಿಗಳ ರಾಶಿ ನೋಡಿ ತಾವೂ ಬೂಟು ಬಿಚ್ಚಿದರು, ಅದಕ್ಕೇ ಅಜ್ಜಿಯ ಮೆಚ್ಚುಗೆ ಗಳಿಸಿದರು. ಡೇಕೇರಿನ ಪುಟ್ಟ ಕುರ್ಚಿಗಳ ನಡುವೆ ನಮ್ಮ ಸೋಫಾದಲ್ಲಿ ನೆಟ್ಟಗೆ ಕೂತರು. ಅಪ್ಪ ಸಹಿ ಹಾಕಿದ, ಅಮ್ಮ ಕಣ್ಣೊರೆಸಿಕೊಂಡು ಸಹಿ ಹಾಕಿದಳು. ಅಜ್ಜಿ ಬೆಳ್ಳಿ ಲೋಟದಲ್ಲಿ ಪಾಯಸ ತಂದು ಅವರ ಕೈಗಿಟ್ಟಳು. ಅವರು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಆಹಾ ಎಂದು ತಲೆದೂಗಿ, ಇದರಲ್ಲಿ ಏನೇನಿದೆ ಎಂದು ಕೇಳಿದರು. ಅಪ್ಪನಿಗೆ ಹೆಮ್ಮೆ. ಕಾಯಿ, ಬೆಲ್ಲ, ಹಾಲು, ಏಲಕ್ಕಿ ಎಂದು ಇಂಗ್ಲಿಷಿನಲ್ಲಿ ಒಂದೊಂದಾಗಿ ಹೇಳಿ, ಗಸಗಸೆಗೂ ಇಂಗ್ಲಿಷ್ ಹೆಸರು ಹುಡುಕಿ ಹೇಳಿದ. ಅದು ತಾನೇ ಓದಿ ಹೇಳಿದ್ದ ಎಚ್ಚರಿಕೆಯ ಬೀಜದ ಹೆಸರೇ. ಹೇಳಿದವನ ಬಾಯಿ ಹಾಗೇ ತೆರೆದು ನಿಂತಿತು.

ಸಾರ್ಜೆಂಟರು ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಅದರಿಂದ ಒಂದಿಷ್ಟು ದೂರ ಸರಿದು ಕೂತರು.

"ನೀನು ಕುಡಿದಿಲ್ಲ ತಾನೇ?" ಎಂದು ನನ್ನನ್ನು ಕೇಳಿದರು.

"ಮೂರು ಲೋಟ" ಎಂದೆ.

ಅಷ್ಟಕ್ಕೆ ಎಷ್ಟು ಬೀಜ ಹಾಕಿರುತ್ತಾರೆ ಎಂದು ಕೇಳಿದರು. ನಾನು ಅಜ್ಜಿಯನ್ನು ಕೇಳಿದೆ. ಅವಳು ಎರಡೂ ಕೈ ಜೋಡಿಸಿ ಬೊಗಸೆ ತೋರಿಸಿದಳು, ತೋರಿಸಿ, ಜಿಪುಣತನ ಮಾಡಿಲ್ಲ ಎಂಬಂತೆ ನಕ್ಕಳು. ಬನ್ನಿನ ಮೇಲೆ ಒಂದು ಚಿಟಿಕೆ ಉದುರಿಸಿದ್ದಕ್ಕೇ ಹೆದರುವ ಮನುಷ್ಯ ಆ ಬೊಗಸೆಯನ್ನು ನೋಡುತ್ತ ಕೂತರು. ಸೈನ್ಯದಲ್ಲಿ ಇಷ್ಟು ವರ್ಷ ಕಳೆದಿದ್ದೇನೆ, ಇಂಥದ್ದನ್ನು ನೋಡಿರಲಿಲ್ಲ ಎಂದರು.

ಆಮೇಲೆ ಅವರು ಸಿಡುಕದೆ ವಿವರಿಸಿದರು. ನಾಳೆ ಪರೀಕ್ಷೆಗೆ ಹೋಗುವ ಹಾಗೇ ಇಲ್ಲ. ಅಫೀಮು ಎಂದು ಬಂದರೆ ಸೇರುವ ಬಾಗಿಲು ತಿಂಗಳುಗಟ್ಟಲೆ ಮುಚ್ಚುತ್ತದೆ. ಎರಡು ವಾರ ಮುಂದಕ್ಕೆ ಹಾಕಿಸುತ್ತೇನೆ, ಅಷ್ಟರಲ್ಲಿ ಮೈಯಿಂದ ಹೋಗಿರುತ್ತದೆ. ಆದರೆ ಆ ವೈದ್ಯಕೀಯ ಸಹಾಯಕರ ಜಾಗವನ್ನು ನಿನಗೆ ಅಂತ ಹಿಡಿದಿಡುವುದು ನನ್ನ ಕೈಯಲ್ಲಿಲ್ಲ. ಅಷ್ಟರಲ್ಲಿ ಬೇರೆ ಯಾರಾದರೂ ತೆಗೆದುಕೊಂಡರೆ ಮುಂದಿನ ವರ್ಷ ನೋಡಬೇಕು. ಮುಂದಿನ ವರ್ಷ ಅಂದರೆ ಕಾಲೇಜೂ ಮುಂದಿನ ವರ್ಷ. ನಡುವೆ ಅಪ್ಪನ ಕಾಂಟ್ರಾಕ್ಟು ಮುಗಿದರೆ ಅದೂ ಇಲ್ಲ.

ಅಪ್ಪನಿಗೆ ರೇಗಿತು. ಸೋಫಾದಿಂದ ಎದ್ದೇಬಿಟ್ಟ. "ಅವ್ವ, ನಿಜ ಹೇಳು. ಬೇಕಂತ್ಲೇ ಮಾಡ್ದೆ ಅಲ್ವಾ? ಬೀಜದ ವಿಷ್ಯ ನಾನು ಓದಿ ಹೇಳಿದ್ನಲ್ಲ! ಅವ್ಳು ಹೋಗಬಾರ್ದು ಅಂತ ತಾನೇ?"

ಓದಿ ಹೇಳಿದವನೇ ಲೋಟದ ತಳ ಸವರಿದ್ದ. ಅಜ್ಜಿ ಮೇಜಿನ ಮೇಲಿದ್ದ ಲೋಟ ಎತ್ತಿಕೊಂಡು ಒಳಗೆ ಹೋದಳು. ಸಾರ್ಜೆಂಟರಿಗೆ ಕನ್ನಡ ಬಾರದು, ಆದರೆ ಮಗ ತಾಯಿಯ ಮೇಲೆ ರೇಗಿದ್ದು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಅವರು ಕಾರ್ಪೆಟ್ ನೋಡುತ್ತ ಕೂತರು.

ಎರಡು ನಿಮಿಷ ಕಳೆದಿರಬಹುದು. ಅಜ್ಜಿ ತಟ್ಟೆಯಲ್ಲಿ ಕೋಡುಬಳೆ, ಬಾಳೆಹಣ್ಣು ಇಟ್ಟುಕೊಂಡು ಹೊರಗೆ ಬಂದಳು. ಕಣ್ಣು ಕೆಂಪಗಿತ್ತು, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿದ್ದಳು. "ಮನೆಗೆ ಬಂದೋನು ಒಟ್ಟೆ ಅಸ್ಕೊಂಡು ಓಗಬಾರ್ದು. ಇದ್ರಲ್ಲಿ ಗಸಗಸೆ ಇಲ್ಲ ಅಂತ ಯೋಳು ಮಗಾ" ಎಂದಳು. ನಾನು ಹೇಳಿದೆ. ಖಂಡಿತ ಇಲ್ಲವೇ ಎಂದು ಅವರು ಕೇಳಿದರು. ಅಜ್ಜಿಗೆ ಅದಕ್ಕೆ ಅನುವಾದ ಬೇಕಾಗಲಿಲ್ಲ. ಒಂದು ಕೋಡುಬಳೆ ಮುರಿದು ಅರ್ಧ ತಾನು ಬಾಯಿಗೆ ಹಾಕಿಕೊಂಡು ಅರ್ಧ ಅವರ ಕೈಗೆ ಕೊಟ್ಟಳು. ಸಾರ್ಜೆಂಟರು ತಟ್ಟೆ ಖಾಲಿ ಮಾಡಿಯೇ ಎದ್ದರು.

ಮಾರನೆಯ ದಿನದಿಂದ ನಮ್ಮ ಮನೆಯಲ್ಲಿ ಅಜ್ಜಿಯ ಮಿಲಿಟರಿ ಆಳ್ವಿಕೆ ಶುರುವಾಯಿತು. ಅಪ್ಪನ ಜೊತೆ ಮಾತು ಬಿಟ್ಟಳು. ಗಸಗಸೆ ಡಬ್ಬವನ್ನು ಕಸಕ್ಕೆ ಸುರಿದು, ಡಬ್ಬ ತೊಳೆದು, ಆ ಡಬ್ಬವನ್ನೂ ಎಸೆದಳು. ಸಾಗುವಿಗೆ ಮಾಡಿಟ್ಟ ಮಸಾಲೆ, ಕೋಳಿಸಾರಿಗೆ ಮಾಡಿಟ್ಟ ಮಸಾಲೆ, ಫ್ರಿಜ್ಜಿನ ಮೂಲೆಯಲ್ಲಿ ಹೆಪ್ಪುಗಟ್ಟಿ ಕೂತಿದ್ದ ಹಳೆಯ ಕುರ್ಮಾ ಎಲ್ಲದಕ್ಕೂ ಅದೇ ಗತಿ. ನಾನು ಎರಡು ವಾರ ತಿಂದದ್ದು ಮುದ್ದೆ, ಬಸ್ಸಾರು, ಮೊಸರನ್ನ. ಸ್ಕೂಲಿನಲ್ಲಿ ಗೆಳತಿ ಕೊಟ್ಟ ಕುಕ್ಕಿಯನ್ನು ಮನೆಗೆ ತಂದು ತೋರಿಸಿದರೆ, ಅಜ್ಜಿ ಕಿಟಕಿಯ ಬೆಳಕಿಗೆ ಹಿಡಿದು, ಪುಡಿ ಮಾಡಿ, ಪರೀಕ್ಷಿಸಿ, ಕೊನೆಗೆ ಡೇಕೇರಿನ ಮಗುವಿಗೆ ತಿನ್ನಿಸಿದಳು. ದಿನಾ ಸಂಜೆ ಒಂದೇ ಪ್ರಶ್ನೆ: "ಆ ಜಾಗ ಇನ್ನೂ ಐತಾ?" ನಾನು ಸಾರ್ಜೆಂಟರಿಗೆ ಮೆಸೇಜು ಕಳಿಸುತ್ತಿದ್ದೆ. ಇವತ್ತಿಗೆ ಇದೆ ಎಂದು ಉತ್ತರ ಬರುತ್ತಿತ್ತು. ಅಜ್ಜಿಗೆ ಹೇಳುವಾಗ ಆ ಇವತ್ತಿಗೆ ಎನ್ನುವ ಮಾತನ್ನು ಬಿಟ್ಟು ಹೇಳುತ್ತಿದ್ದೆ.

ನಡುವೆ ಲಾಸ್ ಗ್ಯಾಟೋಸ್‌ನಲ್ಲಿ ಒಂದು ಗೃಹಪ್ರವೇಶ ಬಂತು. ಅಪ್ಪನ ಹಳೆಯ ಸಹೋದ್ಯೋಗಿಯ ಮನೆ, ಬೆಟ್ಟದ ಬುಡದಲ್ಲಿ, ನಮ್ಮ ಅಪಾರ್ಟ್‌ಮೆಂಟು ಅವರ ಗ್ಯಾರೇಜಿನಲ್ಲಿ ಹಿಡಿಸುವಷ್ಟು ದೊಡ್ಡದು. ಕನ್ನಡದವರೆಲ್ಲ ಸೇರಿದ್ದರು. ಅಪ್ಪ ಕಾರಿನಲ್ಲೇ ಎಲ್ಲರಿಗೂ ಎಚ್ಚರಿಸಿದ, ಸೈನ್ಯದ ಸುದ್ದಿ ಬೇಡ ಎಂದು. ಅಜ್ಜಿ ಅವನ ಮಾತಿಗೆ ಹೂಂ ಎನ್ನಲಿಲ್ಲ, ಮಾತು ಬಿಟ್ಟಿದ್ದಳಲ್ಲ. ಒಳಗೆ ಹೋದವಳೇ ದೇವರಿಗೂ ಕೈ ಮುಗಿಯದೆ ನೇರ ಅಡುಗೆಯವರ ಹತ್ತಿರ ನಡೆದು, ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ಮೂಸತೊಡಗಿದಳು. "ಸಾಗುಗೆ ಗಸಗಸೆ ಆಕಿದ್ದೀರಾ? ಎಷ್ಟ್ ಆಕಿದ್ದೀರಾ? ನಿಜ ಯೋಳಿ."

ಮನೆಯೊಡತಿ ಗಾಬರಿಯಾಗಿ ಓಡಿ ಬಂದರು. "ಯಾಕೆ ಅಜ್ಜಿ, ಯಾರಿಗಾದ್ರೂ ಅಲರ್ಜಿನಾ?"

"ಅಲರ್ಜಿಯಲ್ಲ ಕಣವ್ವ. ಮಿಲ್ಟ್ರಿ!" ಎಂದಳು ಅಜ್ಜಿ, ಹಾಲಿನ ಆ ತುದಿಗೂ ಕೇಳಿಸುವಂತೆ. "ನಮ್ ಕೂಸು ಮಿಲ್ಟ್ರಿಗೆ ಸೇರ್ತಾ ಐತೆ. ಗಸಗಸೆ ಮುಟ್ಟಂಗಿಲ್ಲ."

ತಲೆಗಳೆಲ್ಲ ನಮ್ಮ ಕಡೆ ತಿರುಗಿದವು. ಅಪ್ಪ ಕೈಯಲ್ಲಿದ್ದ ತಟ್ಟೆಯನ್ನು ನೋಡುತ್ತ ನಿಂತ. ಅವನ ಕಿವಿ ಕೆಂಪಾದದ್ದು ದೂರದಿಂದಲೇ ಕಾಣುತ್ತಿತ್ತು. ರೇಷ್ಮೆ ಸೀರೆಯ ಆಂಟಿಯೊಬ್ಬರು ಮೆತ್ತಗೆ, "ಅಯ್ಯೋ ಪಾಪ, ಫೀಸಿಗೆ ತೊಂದ್ರೆ ಇತ್ತಾ? ಹೇಳ್ಬಾರ್ದಿತ್ತಾ?" ಎಂದರು.

ಅಜ್ಜಿ ಮುಚ್ಚಳವನ್ನು ಪಾತ್ರೆಯ ಮೇಲಿಟ್ಟು ತಿರುಗಿದಳು. "ಪಾಪ ಯಾಕವ್ವ? ನಮ್ಮುಡ್ಗಿ ತನ್ ಫೀಸು ತಾನೇ ದುಡ್ಕೊಂಡು ಕಟ್ತಾಳೆ. ನಿಮ್ಮುಡ್ಗಂದು ಯಾರು ಕಟ್ತಾರೆ?"

ಆಂಟಿಯ ಮಗ ಪಕ್ಕದಲ್ಲೇ ಇದ್ದ. ಅವನೇ ಮೊದಲು ನಕ್ಕದ್ದು. "ಮೈ ಡ್ಯಾಡ್" ಎಂದ. ಆಮೇಲೆ ಹಾಲೆಲ್ಲ ನಗೆಯಲ್ಲಿ ಮುಳುಗಿತು, ಆಂಟಿಯೂ ನಕ್ಕರು. ಮನೆಯ ಯಜಮಾನರು ಬಂದು ಅಪ್ಪನ ಕೈ ಕುಲುಕಿ, "ನಮ್ಗೆ ಯಾಕ್ ಹೇಳ್ಲಿಲ್ಲ ಮಾರಾಯ್ರೇ, ಇಂಥ ವಿಷ್ಯಾನ ಯಾರಾದ್ರೂ ಮುಚ್ಚಿಡ್ತಾರಾ?" ಎಂದರು. ಅಪ್ಪ ಏನೋ ಗೊಣಗಿದ. ನನಗೆ ಮಾತ್ರ ತಟ್ಟೆಗೆ ಬರೀ ಮೊಸರನ್ನ, ಉಪ್ಪಿನಕಾಯಿ ಬಿತ್ತು. ಉಪ್ಪಿನಕಾಯಿಯನ್ನೂ ಅಜ್ಜಿ ಮೊದಲು ನೆಕ್ಕಿ ನೋಡಿದ್ದಳು.

ಪರೀಕ್ಷೆ ಆಯಿತು. ಫಲಿತಾಂಶಕ್ಕೆ ಕೆಲವು ದಿನ ಕಾಯಬೇಕಿತ್ತು. ಸಾರ್ಜೆಂಟರ ಫೋನು ಬಂದದ್ದು ಡೇಕೇರಿನ ಮಕ್ಕಳು ಮಲಗಿದ್ದ ಹೊತ್ತಿನಲ್ಲಿ. ಎಲ್ಲ ಸರಿಯಾಗಿದೆ, ಆ ಜಾಗ ನಿನ್ನದೇ ಎಂದರು. ಕೂಗುವ ಹಾಗಿಲ್ಲ, ಒಂದು ಮಗು ಎದ್ದರೆ ಐದೂ ಏಳುತ್ತವೆ. ಅಮ್ಮ ದುಪಟ್ಟಾ ಬಾಯಿಗೆ ತುರುಕಿಕೊಂಡು ಅತ್ತಳು. ನಾನು ಮತ್ತು ಅಜ್ಜಿ ಕೈ ಹಿಡಿದುಕೊಂಡು ಮಲಗಿದ ಮಕ್ಕಳ ನಡುವೆ ಸದ್ದಿಲ್ಲದೆ ಕುಣಿದೆವು. ನನ್ನ ಜೀವನದಲ್ಲಿ ಅಷ್ಟು ಸಂತೋಷವನ್ನು ಅಷ್ಟು ಮೆತ್ತಗೆ ಪಟ್ಟದ್ದು ಅದೊಂದೇ ಸಲ.

ಪ್ರಮಾಣವಚನದ ದಿನ ಮನೆಯವರು ಬರಬಹುದಿತ್ತು. ಅಜ್ಜಿ ಮದುವೆಗೆ ಹೋಗುವ ಸೀರೆ ಉಟ್ಟು ಬಂದಳು. ಕಾರ್ಪೆಟ್ ಹಾಸಿದ ಸಣ್ಣ ಕೋಣೆ, ಬಾವುಟಗಳು, ನನ್ನಂಥ ಏಳೆಂಟು ಹುಡುಗ ಹುಡುಗಿಯರ ಒಂದು ಸಾಲು. ಅಧಿಕಾರಿ ಹೇಳಿಕೊಟ್ಟದ್ದನ್ನು ಬಲಗೈ ಎತ್ತಿ ಹೇಳಿದೆವು. ಮುಗಿಯಿತು ಎನ್ನುವಾಗ ಅಜ್ಜಿ ಎದ್ದಳು. ಸೆರಗಿನ ತುದಿಯ ಗಂಟು ಬಿಚ್ಚಿ, ಅರಿಶಿನದ ಅಕ್ಷತೆ ತೆಗೆದು, ಸಾರ್ಜೆಂಟರ ಕಡೆ ನೋಡಿದಳು. ಅವರು ನನ್ನ ಕಡೆ ನೋಡಿ ಇದು ಏನು ಎಂದು ಹುಬ್ಬಿನಲ್ಲೇ ಕೇಳಿದರು. "ಬರೀ ಅಕ್ಕಿ" ಎಂದೆ. ಅವರು ಅಧಿಕಾರಿಗೆ ತಲೆಯಾಡಿಸಿದರು.

ನನ್ನ ತಲೆಗೆ ಹಾಕಿದಳು. ಆಮೇಲೆ ನಿಲ್ಲಲಿಲ್ಲ, ಸಾಲಿನ ಪಕ್ಕದವನಿಗೆ, ಅವನ ಪಕ್ಕದವಳಿಗೆ, ಹೀಗೆ ಕೊನೆಯವರೆಗೂ ಹಾಕುತ್ತ ಹೋದಳು. ಉದ್ದನೆಯವರು ತಾವಾಗಿಯೇ ತಲೆ ಬಗ್ಗಿಸಿದರು. ಒಬ್ಬ ಹುಡುಗನ ಕಡೆಯಿಂದ ಯಾರೂ ಬಂದಿರಲಿಲ್ಲ. ಅವನ ಕೆನ್ನೆ ಸವರಿ ಇನ್ನೊಂದು ಚಿಟಿಕೆ ಹೆಚ್ಚು ಹಾಕಿದಳು. ಆ ಕೋಣೆಯ ಕಾರ್ಪೆಟ್ಟನ್ನು ಗುಡಿಸಿದವರು ಏನಂದುಕೊಂಡರೋ ಗೊತ್ತಿಲ್ಲ.

ವಾಪಸು ಬರುವಾಗ ಫ್ರೀವೇಯಲ್ಲಿ ಟ್ರಾಫಿಕ್ಕು ಕಟ್ಟಿಕೊಂಡಿತ್ತು. ಅಪ್ಪ ಕಾರು ನಡೆಸುತ್ತಿದ್ದ, ಅಜ್ಜಿ ಮುಂದಿನ ಸೀಟಿನಲ್ಲಿ, ನಾನು ಅಮ್ಮ ಹಿಂದೆ. ಕಾರು ನಿಂತಲ್ಲೇ ನಿಂತಾಗ ಅಪ್ಪ ಸ್ಟೀರಿಂಗ್ ನೋಡುತ್ತಲೇ, "ಅವ್ವ, ಅವತ್ತು ನಾನು ಹಂಗನ್ಬಾರ್ದಿತ್ತು" ಎಂದ. ಅಜ್ಜಿ ಕಿಟಕಿಯಾಚೆ ನೋಡುತ್ತಿದ್ದಳು. ಕೇಳಿಸಲಿಲ್ಲವೇನೋ ಎಂದು ಅವನು ಇನ್ನೊಮ್ಮೆ ಹೇಳಲು ಬಾಯಿ ತೆರೆದ.

"ತಡೀಬೇಕು ಅಂತಿದ್ರೆ ನಂಗೆ ಪಾಯ್ಸ ಯಾಕ್ಲಾ ಬೇಕಿತ್ತು?" ಎಂದಳು ಅಜ್ಜಿ. "ಓಗಬ್ಯಾಡ ಮಗಾ ಅಂತ ಅವಳ್ಗೆ ಒಂದ್ ಮಾತು ಅಂದಿದ್ರೆ ಸಾಕಾಗಿತ್ತು."

ಅವಳು ಹೇಳಿದ್ದು ನಿಜವಾಗಿತ್ತು. ಅಪ್ಪನ ಕೂಗಾಟಕ್ಕೆ ನಾನು ಬಗ್ಗಲಿಲ್ಲ, ಅಮ್ಮನ ಅಳುವಿಗೂ ಬಗ್ಗಲಿಲ್ಲ, ಆದರೆ ಜಡೆ ಹಾಕುತ್ತ ಅವಳು ಆ ಒಂದು ಮಾತು ಅಂದಿದ್ದರೆ ನಾನು ಉಳಿದುಬಿಡುತ್ತಿದ್ದೆ. ನಾನು ಮುಂದಕ್ಕೆ ಬಾಗಿ ಅವಳ ಭುಜದ ಮೇಲೆ ಗಲ್ಲ ಇಟ್ಟೆ. ಅವಳು ನನ್ನ ಕೂದಲಿನಿಂದ ಒಂದೊಂದೇ ಅಕ್ಷತೆ ಕಾಳನ್ನು ತೆಗೆಯತೊಡಗಿದಳು. ಅಷ್ಟರಲ್ಲಿ ಮುಂದಿನ ಕಾರುಗಳು ಹೊರಟವು. "ನಡಿ, ನಡಿ, ದಾರಿ ಬುಟ್ಟವ್ರೆ" ಎಂದು ಅಜ್ಜಿಯೇ ಅಪ್ಪನಿಗೆ ಹೇಳಿದಳು.